ಮನೆಯ ಆರೋಗ್ಯ: ಶೋಧನ ಚಿಕಿತ್ಸೆಯೂ ಮನೆಯವರ ಹೊಣೆಯೂ

ಮಸ್ಕಿಯ ಸಮೀಪದ ಗ್ರಾಮವೊಂದರಿಂದ ಸೋದರಿಯೊಬ್ಬರು ಈ ತಿಂಗಳು ನಮಗೆ ದೀರ್ಘವಾದ ಪತ್ರವೊಂದನ್ನು ಬರೆದಿರುವರು. ಅದರ ಸಾರಾಂಶವನ್ನು ಮೊದಲು ವಾಚಕರ ಮುಂದಿಡುತ್ತೇವೆ.

ಅವರ ಮಾವನವರಿಗೆ ಅರುವತ್ತೈದು ದಾಟಿರುವುದು. ಕೀಲುನೋವು, ಅಜೀರ್ಣಗಳ ಬಾಧೆ ಬಹುಕಾಲದಿಂದಲೂ ಉಂಟು. ರಕ್ತದೊತ್ತಡಕ್ಕಾಗಿ ದಿನಕ್ಕೊಂದು ಗುಳಿಗೆಯನ್ನು ಸೇವಿಸುವವರು. ಹೋದ ವೈಶಾಖದಲ್ಲಿ ನೆಂಟರೊಬ್ಬರ ಮಾತಿನಂತೆ ‘ಹೊಟ್ಟೆ ತೊಳೆಯಲು’ ಭೇದಿಯ ಚೂರ್ಣವನ್ನು ಬೆಳಗಿನಲ್ಲಿ ಕುಡಿದರು. ನಡುಹಗಲಾದರೂ ಭೇದಿಯಾಗಲಿಲ್ಲ. ಮದ್ದು ಸಾಲದಾಯಿತೆಂದು ಮನೆಯ ಹಿರಿಯರು ಮತ್ತೊಂದು ಪಾಲನ್ನು ಕುಡಿಸಿದರು. ಇಳಿಹೊತ್ತಿಗೆ ಎರಡು ಪಾಲುಗಳೂ ಒಮ್ಮೆಲೆ ಕೆಲಸಕ್ಕೆ ತೊಡಗಿದವು. ಸಂಜೆಯ ವೇಳೆಗೆ ಎಷ್ಟು ಸಲ ಹೊರಕ್ಕೆ ಹೋದರೆಂಬ ಲೆಕ್ಕವೇ ತಪ್ಪಿತು, ಮೀನಖಂಡಗಳು ಸೆಟೆದುಕೊಂಡವು, ಮಾತು ತೊದಲಿತು. ನೆರೆದವರು, “ಹೊಟ್ಟೆಯ ವಿಷ ಹೋಗುತ್ತಿದೆ, ತಡೆಯಬೇಡಿರಿ, ಮದ್ದು ಇಳಿಯುವ ತನಕ ನೀರು ಕೊಡಬೇಡಿರಿ” ಎಂದು ಹೇಳಿದರು. “ನೀರಿನ ಚೊಂಬನ್ನು ಹಿಡಿದುಕೊಂಡು ನಾನು ಬಾಗಿಲಲ್ಲಿಯೇ ನಿಂತಿದ್ದೆನು. ಸೊಸೆಯಾದವಳು ಹಿರಿಯರ ಮಾತನ್ನು ಹೇಗೆ ಮೀರಲಿ?” ಎಂದು ಆ ಸೋದರಿ ಬರೆದಿರುವರು. ರಾತ್ರಿ ಆಸ್ಪತ್ರೆಯನ್ನು ಮುಟ್ಟಿಸಿ ಸಲೈನು ಏರಿಸಿದ ಮೇಲೆ ಜೀವ ಉಳಿಯಿತು. ಈಗ ಮನೆಯವರು ಅವರನ್ನು ಪಟ್ಟಣದ ಪಂಚಕರ್ಮ ಚಿಕಿತ್ಸಾಲಯವೊಂದಕ್ಕೆ ಕಳುಹಿಸಬೇಕೆಂದು ಯೋಚಿಸುತ್ತಿರುವರು. ಕಳುಹಿಸಬಹುದೇ? ಕಳುಹಿಸಿದರೆ ತಮ್ಮ ಕರ್ತವ್ಯವೇನು? ಅಂದು ತಾವು ನೀರು ಕೊಟ್ಟಿದ್ದರೆ ತಪ್ಪಾಗುತ್ತಿತ್ತೇ? ಇವು ಅವರ ಮೂರು ಪ್ರಶ್ನೆಗಳು.

ಈ ಪ್ರಶ್ನೆಗಳು ಆ ಒಂದು ಮನೆಯವು ಮಾತ್ರವಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸುತ್ತಿನ ಹಳ್ಳಿಗಳಲ್ಲಿ ಔಡಲೆಣ್ಣೆಯನ್ನೋ ಸೋನಾಮುಖಿಯನ್ನೋ ಕುಡಿದು ಹೊಟ್ಟೆಯನ್ನು ಶುದ್ಧಿ ಮಾಡಿಕೊಳ್ಳುವ ವಾಡಿಕೆ ಹಳೆಯದು. ರಾಯಚೂರು ಸೀಮೆಗೆ ಆಯುರ್ವೇದವೂ ಹೊಸದಲ್ಲ. ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಸ್ಥಾಪಿಸಿ, ತುಂಗಭದ್ರಾ ತೀರದಲ್ಲಿ ಪ್ರೇಮಾಯತನವನ್ನು ನಡೆಸಿದ ಪಂಡಿತ ತಾರಾನಾಥರು (೧೮೯೧–೧೯೪೨) ವೈದ್ಯರಾಗಿಯೂ ಈ ನಾಡಿಗೆ ಪರಿಚಿತರು. ಆದುದರಿಂದ ಶಾಸ್ತ್ರವು ನಿಜವಾಗಿ ಏನು ಹೇಳುವುದೆಂಬುದನ್ನು ತುಸು ವಿಸ್ತಾರವಾಗಿ ವಿಚಾರಿಸೋಣ.

ಶೋಧನವೆಂದರೆ ದೋಷಗಳನ್ನು ದೇಹದಿಂದ ಹೊರಕ್ಕೆ ಕಳೆಯುವ ಚಿಕಿತ್ಸೆ. ವಮನ, ವಿರೇಚನ, ಎರಡು ಬಗೆಯ ಬಸ್ತಿಗಳು, ನಸ್ಯ ಎಂದು ಚರಕನ ಪರಂಪರೆಯು ಐದು ಕರ್ಮಗಳನ್ನೆಣಿಸುವುದು. ಸುಶ್ರುತನ ಪರಂಪರೆಯು ರಕ್ತಮೋಕ್ಷಣಕ್ಕೂ ಸ್ಥಾನವನ್ನು ಕೊಡುವುದು. ಆದರೆ ಈ ಕರ್ಮಗಳು ತಾವೇ ಚಿಕಿತ್ಸೆಯ ಪೂರ್ಣರೂಪವಲ್ಲ. ವಿರೇಚನಕ್ಕೆ ಮೊದಲು ಮೂರರಿಂದ ಏಳು ದಿನ ಔಷಧಿಯುಕ್ತವಾದ ತುಪ್ಪವನ್ನೋ ಎಣ್ಣೆಯನ್ನೋ ಕ್ರಮವಾಗಿ ಕುಡಿಸುವುದು, ಮೈಗೆ ಎಣ್ಣೆ ಹಚ್ಚಿ ಬೆವರಿಳಿಸುವುದು, ಬಳಿಕ ರೋಗಿಯ ಕೋಷ್ಠವು ಮೃದುವೋ ಕ್ರೂರವೋ ಎಂಬುದನ್ನು ನೋಡಿ ಮದ್ದಿನ ಪ್ರಮಾಣವನ್ನು ಗೊತ್ತುಮಾಡುವುದು, ಕೊನೆಗೆ ಹಲವು ದಿನಗಳ ಪಥ್ಯ—ಇಷ್ಟೂ ಸೇರಿದರೆ ಅದು ವಿರೇಚನ ಕರ್ಮವೆನಿಸುವುದು. ಅಂಗಡಿಯಿಂದ ತಂದ ಚೂರ್ಣವನ್ನು ಅಂದಾಜಿನಿಂದ ಕದಡಿ ಕುಡಿಸುವುದು ಪಂಚಕರ್ಮವಲ್ಲ. ಅದು ಬರಿಯ ಭೇದಿ. ತಿಗಡೆಯ ಬೇರು ಕುಶಲನಾದ ವೈದ್ಯನ ಕೈಯಲ್ಲಿ ಮದ್ದು; ಜಾಪಾಳದ ಬೀಜವಾದರೋ ಅರಿಯದವನ ಕೈಯಲ್ಲಿ ವಿಷವೇ ಸರಿ. ಹೆಸರನ್ನರಿಯದ ಪುಡಿಯಲ್ಲಿ ಏನು ಬೆರೆತಿದೆಯೆಂಬುದನ್ನು ಕುಡಿಯುವವನೂ ಅರಿಯನು, ಕುಡಿಸುವವನೂ ಅರಿಯನು.

ಈ ಚಿಕಿತ್ಸೆಯಿಂದ ಕೇಡೂ ಆಗಬಹುದೆಂಬುದನ್ನು ನಮ್ಮ ಪ್ರಾಚೀನರು ಮುಚ್ಚಿಟ್ಟವರಲ್ಲ. ಚರಕಸಂಹಿತೆಯ ಸಿದ್ಧಿಸ್ಥಾನದ ಆರನೆಯ ಅಧ್ಯಾಯವು ವಮನ ವಿರೇಚನಗಳ ವ್ಯಾಪತ್ತುಗಳಿಗೆ, ಎಂದರೆ ಅವುಗಳಿಂದುಂಟಾಗುವ ಆಪತ್ತುಗಳಿಗೆ, ಮೀಸಲಾಗಿದೆ. ಹೊಟ್ಟೆಯುಬ್ಬರ, ಗುದದಲ್ಲಿ ಕತ್ತರಿಸಿದಂತಹ ನೋವು, ಮಲವು ಸ್ವಲ್ಪಸ್ವಲ್ಪವಾಗಿ ಸುರಿಯುತ್ತಿರುವುದು, ಎದೆಹಿಡಿತ, ಮೈಹಿಡಿತ, ಜೀವರಕ್ತವು ಹೊರಬೀಳುವುದು, ಗುದವು ಜಾರುವುದೇ ಮೊದಲಾದ ಭ್ರಂಶ, ಸ್ತಂಭ, ಉಪದ್ರವ, ಬಳಲಿಕೆ ಎಂದು ಅಲ್ಲಿ ಹತ್ತನ್ನು ಹೇಳಿದೆ. ಸುಶ್ರುತನು ಹದಿನೈದನ್ನು ಎಣಿಸುವನು. ಇವೆಲ್ಲವೂ ಮದ್ದು ಸಾಕಷ್ಟು ಕೆಲಸಮಾಡದಿರುವ ಅಯೋಗದಿಂದಾಗಲಿ, ಮಿತಿಮೀರಿ ಕೆಲಸಮಾಡುವ ಅತಿಯೋಗದಿಂದಾಗಲಿ ಹುಟ್ಟುವುವು. ಆದರೆ ತಪ್ಪು ಯಾರದು? ಇದಕ್ಕೆ ಚರಕಸಂಹಿತೆಯು ನಾಲ್ವರನ್ನು ಹೆಸರಿಸುವುದು: ಉಪಚಾರಕ, ಔಷಧ, ವೈದ್ಯ, ರೋಗಿ. ಈ ನಾಲ್ಕರಲ್ಲಿ ಉಪಚಾರಕನ ಹೆಸರೇ ಮೊದಲು ಬಂದಿರುವುದು ನಮ್ಮ ಲಕ್ಷ್ಯವನ್ನು ಸೆಳೆಯತಕ್ಕ ವಿಷಯ. ರೋಗಿಯ ಬಳಿಯಲ್ಲಿದ್ದು ನೋಡಿಕೊಳ್ಳುವವನೇ ಉಪಚಾರಕ. ನಮ್ಮ ಮನೆಗಳಲ್ಲಿ ಆ ಕೆಲಸವು ಹೆಂಡತಿಗೋ ಸೊಸೆಗೋ ಮಗಳಿಗೋ ಬರುವುದು. ಆದುದರಿಂದ ಈ ಅಧ್ಯಾಯವು ವೈದ್ಯರಿಗಾಗಿ ಬರೆದುದಾದರೂ ಅದರ ಒಂದು ಪಾಲು ಗೃಹಿಣಿಗೆ ಸೇರಿದುದು.

ಸೂತ್ರಸ್ಥಾನದ ಹದಿನೈದನೆಯ ಅಧ್ಯಾಯದಲ್ಲಿ ಒಂದು ಸ್ವಾರಸ್ಯವಾದ ಸಂವಾದವಿದೆ. ಮದ್ದನ್ನು ಕೊಡುವ ಮೊದಲೇ ಆಪತ್ತಿನ ಪರಿಹಾರಕ್ಕೆ ಬೇಕಾದ ಪದಾರ್ಥಗಳನ್ನೆಲ್ಲ ಸಂಗ್ರಹಿಸಿಟ್ಟುಕೊಳ್ಳಬೇಕೆಂದು ಆತ್ರೇಯನು ವಿಧಿಸಲು, ಶಿಷ್ಯನಾದ ಅಗ್ನಿವೇಶನು, ಬಲ್ಲ ವೈದ್ಯನು ತಪ್ಪದಂತೆ ಕೊಟ್ಟರೆ ಸಾಲದೇ ಎಂದು ಕೇಳುವನು. ದೇಶ, ಕಾಲ, ಬಲ, ವಯಸ್ಸು, ಆಹಾರ, ಪ್ರಕೃತಿಗಳ ಸೂಕ್ಷ್ಮ ಭೇದಗಳು ನಿರ್ಮಲ ಬುದ್ಧಿಯವರನ್ನೂ ತಬ್ಬಿಬ್ಬು ಮಾಡುವುವೆಂದೂ, ಅಪಾಯವು ಬಂದೊದಗಿದಾಗ ಅಂಗಡಿಯಿದ್ದರೂ ಬೇಕಾದುದನ್ನು ಬೇಗನೆ ಒದಗಿಸುವುದು ಸುಲಭವಲ್ಲವೆಂದೂ ಗುರುವು ಉತ್ತರಿಸುವನು. ಹಾಗೆ ಸಿದ್ಧವಾಗಿರಬೇಕಾದವರಲ್ಲಿ ತೊವ್ವೆ ಅನ್ನಗಳನ್ನು ಬೇಯಿಸಬಲ್ಲವರು, ಮೀಯಿಸುವವರು, ಎಬ್ಬಿಸಿ ಮಲಗಿಸುವವರು, ಮದ್ದು ಅರೆಯುವವರು, ಕಥೆ ಹೇಳಿ ಮನಸ್ಸನ್ನು ರಂಜಿಸುವವರು ಕೂಡ ಸೇರಿರುವರು. ಇದು ಅರಸರ ಮನೆಯ ಮಾತಾಯಿತೆಂದು ಯಾರಾದರೂ ಹೇಳಬಹುದು. ಅದನ್ನು ಆ ಗ್ರಂಥವೇ ಒಪ್ಪಿಕೊಳ್ಳುವುದು: ಎಲ್ಲರಿಗೂ ಎಲ್ಲ ಸಾಧನಗಳೂ ಇರವು, ಆದರೂ ದಾರುಣವಾದ ರೋಗಗಳು ಬಡವರನ್ನು ಬಿಡವು, ಆದುದರಿಂದ ಬಡವನು ತನ್ನಿಂದಾದಷ್ಟನ್ನು ಮಾಡಿಕೊಳ್ಳಲಿ ಎಂಬುದು ಅದರ ತಾತ್ಪರ್ಯ. ನಾಟಿಯ ಕೂಲಿಯಿಂದ ಜೀವಿಸುವ ಕುಟುಂಬಕ್ಕೆ ಕಥೆಗಾರರಾಗಲಿ ಕರೆಯುವ ಹಸುವಾಗಲಿ ಬೇಕಿಲ್ಲ. ಒಬ್ಬ ಎಚ್ಚರವುಳ್ಳ ಮನುಷ್ಯ, ಕಾಯಿಸಿ ಆರಿಸಿದ ನೀರು, ಉಪ್ಪು, ಸಕ್ಕರೆ, ಅಕ್ಕಿ, ಹೆಸರುಬೇಳೆ, ಆಸ್ಪತ್ರೆಗೆ ಹೋಗುವ ದಾರಿಯ ಏರ್ಪಾಡು—ಇಷ್ಟು ಮೊದಲೇ ಸಿದ್ಧವಾಗಿರಲಿ.

ಇನ್ನು ಕಾಲದ ವಿಚಾರ. ಹೊಲದ ಕೆಲಸ ಬಿಡುವಾಗುವುದು ಬೇಸಗೆಯಲ್ಲೆಂದು ನಮ್ಮವರು ಹೊಟ್ಟೆ ತೊಳೆದುಕೊಳ್ಳುವುದನ್ನೂ ಆಗಲೇ ಇಟ್ಟುಕೊಳ್ಳುವರು. ರಾಯಚೂರು ಜಿಲ್ಲೆಯ ಬೇಸಗೆಯೆಂದರೆ ಉಷ್ಣಮಾನವು ೪೦ ಡಿಗ್ರಿಯನ್ನು ದಾಟುವ ಕಾಲ. ಏನನ್ನೂ ಮಾಡದೆ ನೆರಳಲ್ಲಿ ಕುಳಿತವನ ಮೈಯಿಂದಲೂ ನೀರು ಬತ್ತುತ್ತಿರುವುದು. ಅತಿ ಚಳಿ, ಅತಿ ಸೆಕೆ, ಅತಿ ಮಳೆಗಳ ಕಾಲದಲ್ಲಿ ಶೋಧನವು ಸಲ್ಲದೆಂದು ಚರಕಸಂಹಿತೆಯ ವಿಮಾನಸ್ಥಾನವು ವಿಧಿಸಿರುವುದು. ಗ್ರೀಷ್ಮದಲ್ಲಿ ದೇಹವು ಬಿಸಿಲಿಗೆ ಬಳಲಿರುವುದೆಂದೂ, ಮದ್ದು ಅತಿ ತೀಕ್ಷ್ಣವಾಗುವುದೆಂದೂ, ಅದರಿಂದ ಅತಿಯೋಗವೂ ಬಾಯಾರಿಕೆಯ ಉಪದ್ರವವೂ ಆಗುವುವೆಂದೂ ಅಲ್ಲಿಯೇ ಕಾರಣವನ್ನು ಹೇಳಿದೆ. ನಮ್ಮ ಸೋದರಿಯ ಮಾವನವರಿಗೆ ವೈಶಾಖದಲ್ಲಿ ಒದಗಿದುದು ಅಕ್ಷರಶಃ ಇದೇ.

ಮದ್ದು ಯಾರಿಗೆ ಸಲ್ಲದೆಂಬುದನ್ನೂ ತಿಳಿದಿರಬೇಕು. ಗರ್ಭಿಣಿಯರು, ಎಳೆಯ ಮಕ್ಕಳು, ಬಹಳ ವಯಸ್ಸಾದವರು, ಕೃಶರಾದವರು, ಹೃದಯರೋಗವುಳ್ಳವರು ಇವರ ವಿಷಯದಲ್ಲಿ ಹಿಂದಿನವರೂ ಹಿಂಜರಿದಿರುವರು. ಇಂದು ಆ ಪಟ್ಟಿಗೆ ಮೂತ್ರಪಿಂಡದ ರೋಗಿಗಳನ್ನೂ, ನಿತ್ಯವೂ ಗುಳಿಗೆ ನುಂಗುವವರನ್ನೂ ಸೇರಿಸಬೇಕಾಗಿದೆ. ರಕ್ತದೊತ್ತಡದ ಕೆಲವು ಗುಳಿಗೆಗಳು ಮೂತ್ರವನ್ನು ಹೆಚ್ಚಿಸಿ ದೇಹದ ನೀರನ್ನೂ ಲವಣಗಳನ್ನೂ ಇಳಿಸುವಂಥವು. ಅದರ ಮೇಲೆ ಭೇದಿಯೂ ಆದರೆ ಒತ್ತಡವು ಕುಸಿದು ಬೀಳುವುದು, ಪೊಟ್ಯಾಸಿಯಂ ಎಂಬ ಲವಣವು ಇಳಿದು ಎದೆಬಡಿತದ ಲಯವೇ ಕೆಡುವುದು. ಮಧುಮೇಹದ ಮದ್ದನ್ನು ತೆಗೆದುಕೊಂಡು ಉಪವಾಸವಿದ್ದರೆ ರಕ್ತದ ಸಕ್ಕರೆಯು ತೀರ ಇಳಿದು ಎಚ್ಚರ ತಪ್ಪಬಹುದು. ಇಂಥವರು ಗುಳಿಗೆಯನ್ನು ತಾವಾಗಿ ಬಿಡಲೂ ಬಾರದು, ಅದರೊಡನೆ ಭೇದಿಯ ಮದ್ದನ್ನು ತಾವಾಗಿ ಸೇರಿಸಲೂ ಬಾರದು. ಗುಳಿಗೆಯನ್ನು ಬರೆದುಕೊಟ್ಟ ವೈದ್ಯರೂ ಶೋಧನವನ್ನು ಮಾಡಿಸುವ ವೈದ್ಯರೂ ಇಬ್ಬರೂ ಅರಿತಿರಬೇಕು.

ಮದ್ದು ಕೊಟ್ಟ ದಿನ ಉಪಚಾರಕರು ಮಾಡತಕ್ಕುದೇನು? ಮೊದಲನೆಯದಾಗಿ, ಮದ್ದು ಕೆಲಸಮಾಡಲಿಲ್ಲವೆಂದು ಎರಡನೆಯ ಪಾಲನ್ನು ಕುಡಿಸಲೇಬಾರದು. ಮೊದಲಿನದು ಜೀರ್ಣವಾಗದೆ ಒಳಗಿರುವಾಗ ಮತ್ತೊಂದನ್ನು ಕೊಟ್ಟರೆ ಅತಿಯೋಗದ ಭಯವುಂಟೆಂದು ಚರಕಸಂಹಿತೆಯು ಸ್ಪಷ್ಟವಾಗಿ ಎಚ್ಚರಿಸಿದೆ. ಹೊಟ್ಟೆಯುಬ್ಬಿದರೆ, ಓಕರಿಕೆ ಬಂದರೆ, ನೋವು ಹೆಚ್ಚಿದರೆ ಮದ್ದು ಕೊಟ್ಟ ವೈದ್ಯರಿಗೆ ಕೂಡಲೇ ತಿಳಿಸಬೇಕು. ಎರಡನೆಯದಾಗಿ, ರೋಗಿಯನ್ನು ಶೌಚಕ್ಕೆ ಒಬ್ಬರನ್ನೇ ಕಳುಹಿಸಬಾರದು. ಒಳಗಿನ ಚಿಲಕವನ್ನು ಹಾಕಿಕೊಳ್ಳಗೊಡಬಾರದು. ತಲೆತಿರುಗಿ ಬಿದ್ದು ಸೊಂಟದೆಲುಬು ಮುರಿದರೆ ಅದೂ ಮದ್ದಿನ ಆಪತ್ತೇ. ಮೂರನೆಯದಾಗಿ, ಉತ್ತಮ ಶುದ್ಧಿಗೆ ವಿರೇಚನದ ವೇಗಗಳು ಮೂವತ್ತು ಎಂದು ಯಾರೋ ಹೇಳಿದುದನ್ನು ನೆನೆದು ಅದನ್ನು ಮುಟ್ಟಿಸಲು ಹೋಗಬಾರದು. ಹತ್ತು, ಇಪ್ಪತ್ತು, ಮೂವತ್ತು ಎಂಬ ಲೆಕ್ಕವು ಗ್ರಂಥದಲ್ಲಿರುವುದು ನಿಜ. ಆದರೆ ರೋಗಿಯ ಬಲವನ್ನೂ ಲಕ್ಷಣಗಳನ್ನೂ ನೋಡದೆ ಸಂಖ್ಯೆಯನ್ನು ಮಾತ್ರ ಹಿಡಿಯುವವನು ವೈದ್ಯನಲ್ಲ.

ಈಗ ನೀರಿನ ಪ್ರಶ್ನೆ. ಭೇದಿಯಾಗುವಾಗ ನೀರು ಕೊಡಬಾರದೆಂಬುದು ಶಾಸ್ತ್ರವೂ ಅಲ್ಲ, ಅನುಭವವೂ ಅಲ್ಲ. ವಿರೇಚನದ ದಿನ ಬಿಸಿನೀರನ್ನು ಗುಟುಕುಗುಟುಕಾಗಿ ಕುಡಿಸುವುದು ವೈದ್ಯರ ರೂಢಿಯೇ ಆಗಿದೆ. ಇನ್ನು ಅತಿಯೋಗವಾದಾಗ ಹೊರಕ್ಕೆ ಹೋಗುವುದು ವಿಷವಲ್ಲ. ದೇಹದ ನೀರು ಮತ್ತು ಉಪ್ಪು. ಅದನ್ನು ಹಿಂದಕ್ಕೆ ತುಂಬುವುದೇ ಮೊದಲ ಚಿಕಿತ್ಸೆ.

ಇದಕ್ಕೆ ಜಗತ್ತೇ ಕಂಡ ಒಂದು ನಿದರ್ಶನವಿದೆ. ೧೯೭೧ರಲ್ಲಿ ಪೂರ್ವ ಬಂಗಾಳದಿಂದ ಓಡಿಬಂದ ಲಕ್ಷಾಂತರ ನಿರಾಶ್ರಿತರಲ್ಲಿ ಕಾಲರಾ ಹಬ್ಬಿತು. ಪಶ್ಚಿಮ ಬಂಗಾಳದ ಗಡಿಯ ಬನ್‌ಗಾಂವ್ ಎಂಬಲ್ಲಿ ಡಾಕ್ಟರ್ ದಿಲೀಪ್ ಮಹಲನಬೀಸರು ಚಿಕಿತ್ಸೆ ಮಾಡುತ್ತಿರುವಾಗ ರಕ್ತನಾಳಕ್ಕೆ ಏರಿಸುವ ಸಲೈನು ಸಾಲದೆ ಹೋಯಿತು. ಅವರು ಗ್ಲೂಕೋಸು, ಉಪ್ಪು, ಸೋಡಾಗಳನ್ನು ಬೆರೆಸಿದ ನೀರನ್ನು ಪೀಪಾಯಿಗಳಲ್ಲಿ ತುಂಬಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಅದನ್ನು ಕುಡಿಸಿದರು. ನೂರಕ್ಕೆ ಮೂವತ್ತರ ಸುಮಾರಿಗಿದ್ದ ಸಾವು ನೂರಕ್ಕೆ ನಾಲ್ಕಕ್ಕಿಂತಲೂ ಕೆಳಕ್ಕಿಳಿಯಿತು. ಅಲ್ಲಿ ಜೀವವನ್ನುಳಿಸಿದವರು ಚೊಂಬು ಹಿಡಿದು ಪಕ್ಕದಲ್ಲಿ ಕುಳಿತ ತಾಯಂದಿರು, ಅಕ್ಕತಂಗಿಯರು. ಪೂರ್ವ ಬಂಗಾಳದಿಂದ ಬಂದ ಕುಟುಂಬಗಳು ಸಿಂಧನೂರು ತಾಲೂಕಿನ ಪುನರ್ವಸತಿ ಕ್ಯಾಂಪುಗಳಲ್ಲಿಯೂ ನೆಲೆಸಿರುವುವು. ಆದುದರಿಂದ ಇದು ಆ ಸೀಮೆಗೆ ತೀರ ದೂರದ ಕಥೆಯೇನೂ ಅಲ್ಲ.

ಆ ನೀರು ಇಂದು ಓ.ಆರ್.ಎಸ್. ಎಂಬ ಹೆಸರಿನಲ್ಲಿ ಪೊಟ್ಟಣಗಳಲ್ಲಿ ದೊರೆಯುವುದು. ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಅದನ್ನು ಕರಗಿಸಬೇಕು. ಅದು ಸಿಕ್ಕದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಚಹದ ಚಮಚದಿಂದ ಸಮನಾಗಿ ಅಳೆದ ೬ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪನ್ನು ಹಾಕಿ ಕದಡಬೇಕು. ಉಪ್ಪು ಹೆಚ್ಚಾದರೆ ಅದೇ ಅಪಾಯ, ಕಣ್ಣಂದಾಜು ಬೇಡ. ಗುಟುಕುಗುಟುಕಾಗಿ, ಬಾಯಾರಿಕೆ ಅಡಗುವ ತನಕ ಕೊಡುತ್ತಿರಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ನಿಧಾನವಾಗಿ ಕೊಡಬೇಕು. ಕಲಸಿದ ನೀರನ್ನು ಮರುದಿನಕ್ಕೆ ಇಡಬಾರದು.

ಆದರೆ ಎಲ್ಲವೂ ಮನೆಯಲ್ಲಿ ನೀಗುವಂಥದಲ್ಲ. ಮಲದಲ್ಲಾಗಲಿ ವಾಂತಿಯಲ್ಲಾಗಲಿ ರಕ್ತ ಕಂಡರೆ, ಎದೆ ಹಿಡಿದಂತಾದರೆ, ಮೂರ್ಛೆ ಬಂದರೆ, ಮಾತು ತೊದಲಿದರೆ, ಕೈಕಾಲು ತಣ್ಣಗಾದರೆ, ಕಣ್ಣು ಗುಳಿಬಿದ್ದರೆ, ಆರೇಳು ಗಂಟೆಗಳಿಂದ ಮೂತ್ರವಾಗದಿದ್ದರೆ, ಕುಡಿದ ನೀರು ನಿಲ್ಲದಿದ್ದರೆ, ಗುದವು ಹೊರಕ್ಕೆ ಜಾರಿದರೆ—ಇವುಗಳಲ್ಲಿ ಒಂದೇ ಕಂಡರೂ ಸಾಕು, ೧೦೮ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೋಗತಕ್ಕದ್ದು. ಹೊರಬಿದ್ದುದು ಜೀವರಕ್ತವೋ ಪಿತ್ತವೋ ಎಂಬುದನ್ನರಿಯಲು ಬಿಳಿಯ ಬಟ್ಟೆಯನ್ನು ಅದರಲ್ಲಿ ನೆನೆಸಿ ಒಣಗಿಸಿ, ಬೆಚ್ಚಗಿನ ನೀರಿನಲ್ಲಿ ತೊಳೆದು, ಕಲೆ ಉಳಿಯುವುದೋ ಎಂದು ನೋಡುವ ಪರೀಕ್ಷೆಯನ್ನು ಹಿಂದಿನವರು ಹೇಳಿರುವರು. ಬೇರೆ ಸಾಧನವಿಲ್ಲದ ಕಾಲಕ್ಕೆ ಅದು ಜಾಣ್ಮೆಯ ಉಪಾಯವೇ. ಇಂದು ಬಟ್ಟೆಯೊಣಗುವ ತನಕ ಕಾಯುವುದು ಮೂರ್ಖತನ. ಎದೆಹಿಡಿತವನ್ನು ವಾಯುವೆಂದು ತಳ್ಳಿಹಾಕುವುದೂ ಅಂಥದೇ. ಸಿಂಧನೂರು, ಲಿಂಗಸುಗೂರುಗಳಲ್ಲಿ ಸರಕಾರಿ ಆಸ್ಪತ್ರೆಗಳುಂಟು. ಆದರೆ ಒಳಗಿನ ಹಳ್ಳಿಗಳಿಂದ ಹೆದ್ದಾರಿಯನ್ನು ಮುಟ್ಟುವುದಕ್ಕೇ ಹೊತ್ತು ಹಿಡಿಯುವುದು. ಆದುದರಿಂದ ಕತ್ತಲಾಗುವ ತನಕ ಕಾಯಬಾರದು. ಕುಡಿದ ಮದ್ದಿನ ಪೊಟ್ಟಣವನ್ನೂ ನಿತ್ಯದ ಗುಳಿಗೆಗಳನ್ನೂ ಜತೆಯಲ್ಲಿ ಒಯ್ಯಬೇಕು. ಕುಡಿದುದನ್ನು ನಾಚಿಕೆಯಿಂದ ಮರೆಮಾಡಬಾರದು.

ಮದ್ದು ಸರಿಯಾಗಿ ಕೆಲಸಮಾಡಿದ ಮೇಲೂ ಅಡುಗೆಮನೆಯ ಕೆಲಸ ಮುಗಿಯದು. ನಿಜಕ್ಕೂ ಅಲ್ಲಿಂದಲೇ ಅದು ಮೊದಲಾಗುವುದು. ಶೋಧನದ ಬಳಿಕ ಜಠರಾಗ್ನಿಯು ಮಂದವಾಗಿರುವುದೆಂದು ಹೇಳಿ, ಆಹಾರವನ್ನು ಮೆಟ್ಟಲುಮೆಟ್ಟಲಾಗಿ ಏರಿಸುವ ಸಂಸರ್ಜನಕ್ರಮವನ್ನು ಶಾಸ್ತ್ರವು ವಿಧಿಸಿದೆ. ಮೊದಲು ತೆಳ್ಳನೆಯ ಅಕ್ಕಿಯ ಗಂಜಿ, ಅಂದರೆ ಪೇಯಾ, ಬಳಿಕ ಗಟ್ಟಿಯಾದ ವಿಲೇಪಿ, ಆಮೇಲೆ ಒಗ್ಗರಣೆಯಿಲ್ಲದ ಬೇಳೆಯ ಕಟ್ಟು, ಅನಂತರ ತುಪ್ಪ, ಉಪ್ಪು ಬೆರೆಸಿದ ಕಟ್ಟು, ಕೊನೆಗೆ ಮಾಂಸರಸ. ಶುದ್ಧಿಯು ಎಷ್ಟಾಯಿತೆಂಬುದಕ್ಕೆ ತಕ್ಕಂತೆ ಈ ಕ್ರಮವು ಮೂರು, ಐದು ಇಲ್ಲವೆ ಏಳು ದಿನ. ಪೇಯಾಕ್ಕೆ ಒಂದು ಪಾಲು ಅಕ್ಕಿಗೆ ಹದಿನಾಲ್ಕು ಪಾಲು ನೀರು, ವಿಲೇಪಿಗೆ ನಾಲ್ಕು ಪಾಲು ನೀರು ಎಂಬುದು ಶಾರ್ಙ್ಗಧರನ ಅಳತೆ. ಮಾಂಸವನ್ನುಣ್ಣದವರು ಚಿಂತಿಸಬೇಕಾಗಿಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಜಗದ್ದಳ ಸೋಮನಾಥನು ಕನ್ನಡದಲ್ಲಿ ರಚಿಸಿದ ಕರ್ಣಾಟಕ ಕಲ್ಯಾಣಕಾರಕವು ಮದ್ಯಮಾಂಸಗಳಿಲ್ಲದ ಚಿಕಿತ್ಸೆಯನ್ನೇ ಹೇಳುವುದು. ಅಂಥವರಿಗೆ ಹೆಸರುಬೇಳೆಯ ಕಟ್ಟೇ ಸಾಕು.

ನಮ್ಮ ಮನೆಗಳಲ್ಲಿ ಆಗುವ ತಪ್ಪು ಇಲ್ಲಿಯೇ. “ಹೊಟ್ಟೆ ಬರಿದಾಗಿದೆ, ಪಾಪ” ಎಂದು ಅಂದೇ ಸಂಜೆ ಜೋಳದ ರೊಟ್ಟಿ, ಎಣ್ಣೆಗಾಯಿ, ಖಾರದ ಚಟ್ನಿಗಳನ್ನು ಬಡಿಸುವರು. ಪ್ರೀತಿಯೇ ಅದರ ಮೂಲವಾದರೂ ಫಲ ಮಾತ್ರ ಹೊಟ್ಟೆನೋವು. ಸಿಂಧನೂರಿನ ಕಾಲುವೆಯ ನೀರಿನಲ್ಲಿ ಬೆಳೆದ ಅಕ್ಕಿಯನ್ನು ನುಣ್ಣಗೆ ಬೇಯಿಸಿ, ಚಿಟಿಕೆ ಉಪ್ಪು ಹಾಕಿ, ಬಿಸಿಯಾಗಿ ಕೊಟ್ಟ ಗಂಜಿಗಿಂತ ಅಂದಿಗೆ ಉತ್ತಮವಾದ ಮದ್ದಿಲ್ಲ.

ಎರಡು ಮಾತು ಎಳೆಯ ಕೂಸುಗಳ ಬಗೆಗೆ. ಮೀಯಿಸುವಾಗ ಕೂಸಿನ ಮೂಗಿಗೆ ಎಣ್ಣೆ ತುಪ್ಪಗಳನ್ನು ಬಿಡುವುದೂ ಔಡಲೆಣ್ಣೆಯನ್ನು ಬಲವಂತವಾಗಿ ಕುಡಿಸುವುದೂ ಕೆಲವೆಡೆ ಇನ್ನೂ ನಿಂತಿಲ್ಲ. ಆ ಜಿಡ್ಡು ಶ್ವಾಸನಾಳಕ್ಕಿಳಿದರೆ ಪುಪ್ಪುಸದಲ್ಲಿ ಕಠಿನವಾದ ಉರಿಯೂತವುಂಟಾಗುವುದು. ಇದು ನಸ್ಯವಲ್ಲ, ಇದನ್ನು ಬಿಡಲೇಬೇಕು. ಉಪ್ಪುನೀರನ್ನು ಗಟ್ಟಿಯಾಗಿ ಕದಡಿ ಕುಡಿದು ಮನೆಯಲ್ಲೇ ವಾಂತಿ ಮಾಡಿಕೊಳ್ಳುವುದೂ, ಬಸ್ತಿಯನ್ನು ತಾವೇ ಕೊಟ್ಟುಕೊಳ್ಳುವುದೂ ಸಲ್ಲವು.

ಇನ್ನು ಸೋದರಿಯ ಮೂರು ಪ್ರಶ್ನೆಗಳಿಗೆ ಉತ್ತರ.

ಮಾವನವರನ್ನು ಚಿಕಿತ್ಸಾಲಯಕ್ಕೆ ಕಳುಹಿಸಬಹುದೇ? ಮೊದಲು ರಕ್ತದೊತ್ತಡದ ಗುಳಿಗೆಯನ್ನು ಕೊಡುವ ವೈದ್ಯರನ್ನು ಕಾಣಿರಿ. ಮೂತ್ರಪಿಂಡ, ಲವಣಗಳ ರಕ್ತಪರೀಕ್ಷೆಯಾಗಲಿ. ಎದೆಯ ಪರೀಕ್ಷೆಯೂ ಆಗಲಿ. ಅವರು ಬೇಡವೆಂದರೆ ಅಲ್ಲಿಗೆ ನಿಲ್ಲಿಸಿರಿ. ಒಮ್ಮೆ ಅಷ್ಟು ಬಳಲಿದ ವೃದ್ಧರಿಗೆ ತೀಕ್ಷ್ಣವಾದ ಶೋಧನವೇ ಬೇಕೆಂದೇನೂ ಇಲ್ಲ. ಪಥ್ಯ, ಎಣ್ಣೆಯಭ್ಯಂಗ, ಲಘುವಾದ ಔಷಧಗಳಿಂದ ಶಮನಗೊಳಿಸುವ ದಾರಿಯೂ ಆಯುರ್ವೇದದಲ್ಲಿಯೇ ಉಂಟು. ಅವರು ಒಪ್ಪಿದರೆ, ಚಿಕಿತ್ಸಾಲಯದವರನ್ನು ಸಂಕೋಚವಿಲ್ಲದೆ ಕೇಳಿರಿ: ನೋಂದಾಯಿತ ವೈದ್ಯರು ಯಾರು? ೨೦೦೭ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ ಮೇರೆಗೆ ನೋಂದಣಿಯಾಗಿದೆಯೇ? ಮದ್ದಿನ ಹೆಸರೇನು? ರಾತ್ರಿ ಆಪತ್ತು ಬಂದರೆ ಬಳಿಯಲ್ಲಿರುವವರು ಯಾರು? ಈ ಪ್ರಶ್ನೆಗಳಿಗೆ ಸಿಡಿಮಿಡಿಗೊಳ್ಳುವವರ ಬಳಿ ಚಿಕಿತ್ಸೆ ಬೇಡ.

ನಿಮ್ಮ ಕರ್ತವ್ಯವೇನು? ಉಪಚಾರಕನಿಗೆ ಚರಕಸಂಹಿತೆಯು ನಾಲ್ಕು ಗುಣಗಳನ್ನು ಹೇಳಿದೆ: ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ. ಕೊನೆಯ ಮೂರೂ ನಿಮ್ಮಲ್ಲಿ ಅಂದೂ ಇದ್ದವು. ಮೊದಲನೆಯದು ಈಗ ಬಂದಿತು.

ಅಂದು ನೀರು ಕೊಟ್ಟಿದ್ದರೆ ತಪ್ಪಾಗುತ್ತಿತ್ತೇ? ಇಲ್ಲ, ತಾಯಿ. ನೀವು ಹಿಡಿದಿದ್ದ ಚೊಂಬಿನಲ್ಲಿಯೇ ಅಂದಿನ ಮದ್ದು ಇತ್ತು. ಹಿರಿಯರ ಮಾತಿಗೆ ಅಂಜಿ ನಿಂತುದಕ್ಕಾಗಿ ಇನ್ನು ಕೊರಗಬೇಡಿರಿ. ಆದರೆ ಮುಂದೆ ನಿಲ್ಲಲೂ ಬೇಡಿರಿ. ಈ ಪುಟವನ್ನು ಮನೆಯ ಹಿರಿಯರಿಗೇ ಓದಿ ಹೇಳಿರಿ. ಸೊಸೆಯ ಮಾತನ್ನು ಕೇಳದವರು ಶಾಸ್ತ್ರದ ಮಾತನ್ನಾದರೂ ಕೇಳಿಯಾರು.